ಅಳುವ ಮಗು, ಅಳದ ಮಗು

ಓದಿಕೊಳ್ಳಬೇಕಾದ ವಾಕ್ಯ: ಮತ್ತಾಯ 21:28-31



ಜೂನ್ ಬಂತು. ನಮ್ಮ ಧರ್ಮಕೇಂದ್ರದ ಹಲವು ಮನೆಗಳಿಂದ ಒಂದು ಮಗು ಒಂದನೇ ತರಗತಿಗೆ, ಅದರ ತಂಗಿಯೋ ತಮ್ಮನೋ ಎಲ್.ಕೆ.ಜಿ.ಗೆ ಹೊರಟಿದ್ದಾರೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಇದೇ ಮಾತು: "ದೊಡ್ಡವನು ಒಂದು ದಿನವೂ ಅಳಲಿಲ್ಲ. ಇವಳಿಗೆ ಮಾತ್ರ ಸ್ಕೂಲ್ ಗೇಟು ಕಂಡರೆ ಸಾಕು, ಶುರು." ಇದನ್ನು ನಾವು ಹೇಳುವುದು ಆ ಮಗುವಿನ ಎದುರಿಗೇ. ಸೆರಗಿನ ಹಿಂದೆ ನಿಂತು ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ದೊಡ್ಡವನೂ ಕೇಳಿಸಿಕೊಳ್ಳುತ್ತಾನೆ, ಅದನ್ನು ನಾವು ಮರೆಯುತ್ತೇವೆ.

ಮೇಲಿನ ವಾಕ್ಯದಲ್ಲಿ ಒಬ್ಬ ತಂದೆಗೆ ಇಬ್ಬರು ಮಕ್ಕಳು. ಇಬ್ಬರಿಗೂ ಹೇಳಿದ್ದು ಒಂದೇ ಕೆಲಸ, ದ್ರಾಕ್ಷಿತೋಟಕ್ಕೆ ಹೋಗಬೇಕು. ಮೊದಲನೆಯವನು ಹೋಗುವುದಿಲ್ಲ ಎಂದ, ಆಮೇಲೆ ಮನಸ್ಸು ಬದಲಿಸಿ ಹೋದ. ಎರಡನೆಯವನು ಹೋಗುತ್ತೇನೆ ಎಂದ, ಹೋಗಲಿಲ್ಲ. ಪ್ರಭು ಈ ಸಾಮತಿಯನ್ನು ಹೇಳಿದ್ದು ಮುಖ್ಯಯಾಜಕರಿಗೆ ಮತ್ತು ಪ್ರಜಾಪ್ರಮುಖರಿಗೆ, ಎಲ್.ಕೆ.ಜಿ. ಮಕ್ಕಳ ತಾಯಂದಿರಿಗಲ್ಲ, ನಿಜ. ಆದರೂ ಇದರಲ್ಲಿ ಎರಡು ಸಂಗತಿ ನಮ್ಮ ಮನೆಗೆ ಹತ್ತಿರವಾಗಿವೆ. ತಂದೆ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದ. ಮತ್ತು ಇಬ್ಬರ ಮೊದಲ ಉತ್ತರವೂ ಕೊನೆಯ ಉತ್ತರ ಆಗಲಿಲ್ಲ.

ಗೇಟಿನಲ್ಲಿ ಕಿರುಚಾಡುವ ಎಷ್ಟೋ ಮಕ್ಕಳು ಅಮ್ಮ ಕಣ್ಮರೆಯಾದ ಸ್ವಲ್ಪ ಹೊತ್ತಿನಲ್ಲೇ ಆಟಕ್ಕೆ ಸೇರಿಬಿಡುತ್ತಾರೆ. ಬಾಲವಾಡಿ ಟೀಚರುಗಳನ್ನು ಕೇಳಿ ನೋಡಿ, ಹೇಳುತ್ತಾರೆ. ಸುಮ್ಮನೆ ಒಳಗೆ ಹೋದ ಮಗುವಿನ ಕಥೆ ಬೇರೆಯಾಗಿರಬಹುದು. ಎರಡು ಮೂರು ವಾರ ಕಳೆದ ಮೇಲೆ ಭಾನುವಾರ ಸಂಜೆ ಹೊಟ್ಟೆನೋವು ಬರುತ್ತದೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುತ್ತದೆ, ಮನೆಗೆ ಬಂದೊಡನೆ ಸಣ್ಣ ವಿಷಯಕ್ಕೆ ರಂಪ. ದಿನವೆಲ್ಲ ಬಿಗಿಹಿಡಿದದ್ದನ್ನು ಮಗು ತನಗೆ ಭಯವಿಲ್ಲದ ಜಾಗದಲ್ಲಿ ಬಿಡುತ್ತದೆ. ಆ ಹೊಟ್ಟೆನೋವು ನಾಟಕವಲ್ಲ, ಹೆದರಿಕೆಯಿಂದ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಬಾಲ ಯೇಸುವಿನ ಸಂತ ತೆರೇಸಾ ಅವರ ಚಿತ್ರ ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅವರ ಶಾಲೆಯ ಕಥೆಯನ್ನೂ ತಿಳಿದುಕೊಳ್ಳಬೇಕು. ನಾಲ್ಕೂವರೆ ವರ್ಷದಲ್ಲೇ ತಾಯಿಯನ್ನು ಕಳೆದುಕೊಂಡ ತೆರೇಸಾಗೆ ಮನೆಯಲ್ಲಿ ಅಕ್ಕಂದಿರೇ ಪಾಠ ಹೇಳಿದರು. 1881ರಲ್ಲಿ, ಎಂಟೂವರೆ ವರ್ಷಕ್ಕೆ, ಫ್ರಾನ್ಸಿನ ಲಿಸ್ಯೂ ಪಟ್ಟಣದ ಬೆನೆಡಿಕ್ಟೀನ್ ಕನ್ಯಾಮಠದ ಶಾಲೆಗೆ ಸೇರಿಸಿದರು. ಸುಮಾರು ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಸೆಲೀನ್ ಆಗಲೇ ಅಲ್ಲಿದ್ದಳು. ಒಂದೇ ಮನೆ, ಒಂದೇ ಶಾಲೆ. ಸೆಲೀನ್ ಗಟ್ಟಿಗಿತ್ತಿ, ಚುರುಕು, ಯಾರಿಗೂ ಜಗ್ಗದವಳು. ತೆರೇಸಾಗೆ ಇತರ ಮಕ್ಕಳಂತೆ ಆಡಲು ಬರುತ್ತಿರಲಿಲ್ಲ. ಪಾಠದಲ್ಲಿ ಮುಂದಿದ್ದುದರಿಂದ ತನಗಿಂತ ದೊಡ್ಡ ಹುಡುಗಿಯರ ತರಗತಿಯಲ್ಲಿ ಕೂರಿಸಿದ್ದರು. ಅವರಲ್ಲೊಬ್ಬಳು ಹೊಟ್ಟೆಕಿಚ್ಚಿನಿಂದ ಕಾಡುತ್ತಿದ್ದಳು. ತೆರೇಸಾ ಯಾರಿಗೂ ಹೇಳದೆ ಅಳುತ್ತಿದ್ದಳು. ಆ ಶಾಲೆಯ ಐದು ವರ್ಷಗಳೇ ತನ್ನ ಬಾಳಿನ ಅತ್ಯಂತ ದುಃಖದ ವರ್ಷಗಳೆಂದು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಸೆಲೀನ್ ಜೊತೆಗಿರದಿದ್ದರೆ ಒಂದು ತಿಂಗಳೂ ಕಾಯಿಲೆ ಬೀಳದೆ ಅಲ್ಲಿ ಉಳಿಯುತ್ತಿರಲಿಲ್ಲ ಎಂದೂ ಬರೆದಿದ್ದಾರೆ. ಆದದ್ದೂ ಹಾಗೆಯೇ. 1885ರಲ್ಲಿ ಸೆಲೀನ್ ಓದು ಮುಗಿಸಿದಳು. ಒಬ್ಬಳೇ ಶಾಲೆಗೆ ಮರಳಿದ ತೆರೇಸಾ ಕಾಯಿಲೆ ಬಿದ್ದಳು. 1886ರ ಆರಂಭದಲ್ಲಿ ತಂದೆ ಲೂಯಿ ಅವಳನ್ನು ಬಿಡಿಸಿ ಖಾಸಗಿ ಪಾಠಕ್ಕೆ ಹಾಕಿದರು.

ಗಮನಿಸಿ, ಅಷ್ಟು ದಿನವೂ ಅವಳ ಅಂಕಗಳು ಚೆನ್ನಾಗಿಯೇ ಇದ್ದವು. ರಿಪೋರ್ಟ್ ಕಾರ್ಡ್ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಆ ಮನೆ ಪ್ರೀತಿಯಿಲ್ಲದ ಮನೆಯೂ ಆಗಿರಲಿಲ್ಲ. ತಂದೆತಾಯಿ ಲೂಯಿ ಮತ್ತು ಜೆಲಿ ಇಬ್ಬರನ್ನೂ 2015ರಲ್ಲಿ ಸಂತರೆಂದು ಘೋಷಿಸಲಾಗಿದೆ. ಆದ್ದರಿಂದ ಮಗು ಶಾಲೆಗೆ ಹೊಂದಿಕೊಳ್ಳದಿದ್ದರೆ ತಾಯಿಯ ಮುದ್ದಿನಿಂದಲೇ ಕೆಟ್ಟಿತು ಎಂದು ತೀರ್ಪು ಕೊಡುವ ನೆಂಟರ ಮಾತನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಹುಟ್ಟು ಸ್ವಭಾವದ ಬಗ್ಗೆ ವಿಜ್ಞಾನವೂ ಇದೇ ದಾರಿಯಲ್ಲಿದೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಿಂದ ನ್ಯೂಯಾರ್ಕಿನಲ್ಲಿ 133 ಮಕ್ಕಳನ್ನು ಎಳವೆಯಿಂದ ಬೆಳೆಯುವವರೆಗೂ ಗಮನಿಸಿದರು. ಸುಮಾರು ಶೇಕಡಾ 40ರಷ್ಟು ಮಕ್ಕಳು ಹೊಸದಕ್ಕೆ ಸುಲಭವಾಗಿ ಒಗ್ಗುವವರು, ಶೇಕಡಾ 15ರಷ್ಟು ನಿಧಾನವಾಗಿ ಒಗ್ಗುವವರು, ಶೇಕಡಾ 10ರಷ್ಟು ಜೋರಾಗಿ ಪ್ರತಿಭಟಿಸುವವರು. ಉಳಿದವರು ಮಿಶ್ರ ಸ್ವಭಾವದವರು. ಯಾವ ಸ್ವಭಾವ ಒಳ್ಳೆಯದು ಎಂಬುದಕ್ಕಿಂತ ಮಗುವಿನ ಸ್ವಭಾವಕ್ಕೆ ಸುತ್ತಲಿನ ದೊಡ್ಡವರು ಎಷ್ಟು ಹೊಂದಿಕೊಂಡರು ಎಂಬುದೇ ಮುಖ್ಯ ಎಂದು ಅವರು ಹೇಳಿದರು.

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಮಕ್ಕಳಿಗೆ ಇನ್ನೊಂದು ಹೊರೆಯೂ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. ತಮಿಳುನಾಡಿನಲ್ಲಿ 2006ರ ಕಾಯ್ದೆಯ ಪ್ರಕಾರ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯ. ಕಲಿಯಲಿ, ಅದು ನಮ್ಮ ಅಕ್ಕಪಕ್ಕದವರ ಭಾಷೆ, ನಮ್ಮ ದೇವಾಲಯದ ಅರ್ಧ ಹಾಡುಗಳ ಭಾಷೆ. ಆದರೆ ಹೊಸ ಭಾಷೆಯ ನಡುವೆ ಬಂದ ಮಗು ಕೆಲವೊಮ್ಮೆ ವಾರಗಟ್ಟಲೆ, ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಅದು ಕೇಳಿಸಿಕೊಂಡು ಒಳಗೆ ಸೇರಿಸಿಕೊಳ್ಳುವ ಕಾಲ. ಮಾತಿನ ಮಲ್ಲನಾದ ಅಣ್ಣ ತಪ್ಪು ತಪ್ಪು ತಮಿಳಿನಲ್ಲೇ ಗೆಳೆಯರನ್ನು ಸಂಪಾದಿಸಿರುತ್ತಾನೆ, ತಂಗಿ ಪೂರ್ತಿ ಸರಿಯಾಗಿ ಬರುವವರೆಗೆ ಕಾಯುತ್ತಾಳೆ. ಅಂಥವಳನ್ನು ದಡ್ಡಿ ಎಂದು ಕರೆಯುವವರಿದ್ದಾರೆ. "ಮನೆಯಲ್ಲಿ ಕನ್ನಡ ನಿಲ್ಲಿಸಿ" ಎಂದು ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಆ ಸಲಹೆಯನ್ನು ಪಾಲಿಸಬೇಡಿ. ತನ್ನ ಕಷ್ಟವನ್ನು ಹೇಳಿಕೊಳ್ಳಲು ಆ ಮಗುವಿಗೆ ಸದ್ಯ ಇರುವುದು ಒಂದೇ ಭಾಷೆ. ಅದನ್ನೂ ಕಿತ್ತುಕೊಂಡರೆ ಶಾಲೆಯ ಮೌನ ಮನೆಗೂ ಬರುತ್ತದೆ.

ಇನ್ನು ದಿನನಿತ್ಯದ ಮಾತು. ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಓಡಿ ಬರಬೇಡಿ. ಹಣೆಗೆ ಶಿಲುಬೆಯ ಗುರುತು ಹಾಕಿ, ಎಷ್ಟು ಹೊತ್ತಿಗೆ ಬರುತ್ತೀರೆಂದು ಹೇಳಿ, ಹೊರಡಿ. ಹೇಳಿದ ಹೊತ್ತಿಗೆ ಹೋಗಿ. ಟೀಚರನ್ನು ಅಂಕ ಕೇಳುವ ಮೊದಲು ಊಟಕ್ಕೆ ಯಾರ ಪಕ್ಕ ಕೂರುತ್ತಾಳೆ ಎಂದು ಕೇಳಿ. "ಅಣ್ಣ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ" ಎಂದು ಆರು ವರ್ಷದವನ ಹೆಗಲಿಗೆ ತಂಗಿಯನ್ನು ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಅವನಿಗೂ ಅದು ಹೊಸ ತರಗತಿಯೇ. ಅವಳಿಗೂ ತನ್ನದೇ ಒಬ್ಬ ಗೆಳತಿ ಬೇಕು, ಸೆಲೀನ್ ಹೋದ ಮೇಲೆ ತೆರೇಸಾಗೆ ಆದದ್ದನ್ನು ನೋಡಿದೆವಲ್ಲ. ಊಟ ಬಿಟ್ಟು ಮಗು ಸೊರಗಿದರೆ, ಹೊಟ್ಟೆನೋವು ವಾರಗಳಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಯಾರೋ ಒಬ್ಬರ ಹೆಸರೆತ್ತಿದರೆ ಬೆಚ್ಚುತ್ತಿದ್ದರೆ ಗದರಿಸದೆ ಕೂರಿಸಿಕೊಂಡು ಕೇಳಿ, ಅದೇ ದಿನ ಕೇಳಿ.

ರಾತ್ರಿ ಜಪಸರ ಎಲ್ಲರೂ ಕೂಡಿ ಆಗಲಿ. ಆಮೇಲೆ ಒಂದೊಂದು ಮಗುವಿನ ಜೊತೆ ಬೇರೆಯಾಗಿ ಐದು ನಿಮಿಷ, ಒಂದು ನಮೋ ಮರಿಯ, ಕನ್ನಡದಲ್ಲಿ. ಹೆಚ್ಚಿನ ಮಾತು ಬರುವುದು ದೀಪ ಆರಿಸಿದ ಮೇಲೆಯೇ.

ಈ ತಿಂಗಳ ಅನ್ಬಿಯಂ ಕೂಟದಲ್ಲಿ ಮಾತನಾಡಲು: ನಮ್ಮ ಮನೆಯಲ್ಲಿ ಯಾವ ಮಗುವನ್ನು ಯಾವ ಮಗುವಿಗೆ ಅಳತೆಗೋಲು ಮಾಡಿದ್ದೇವೆ? ಅಳದ ಮಗುವನ್ನು ಕಳೆದ ವಾರ ಯಾರಾದರೂ "ಹೇಗಿದೆಯಪ್ಪಾ ಸ್ಕೂಲು?" ಎಂದು ಕೇಳಿದೆವೇ?