ಹಾಡುವವರೇ ದುಡ್ಡು ಕೊಡಬೇಕೆ?

ನಮ್ಮೂರು ಕರ್ಕಿಯಲ್ಲಿ ಕಲೆಯ ಲೆಕ್ಕ ಹಿಂದಿನಿಂದಲೂ ನೇರವಾದದ್ದು. ಯಕ್ಷಗಾನದ ಆಟ ಆಡಿಸುವವರು ವೀಳ್ಯ ಕೊಡುತ್ತಾರೆ, ಮೇಳ ಬಂದು ಆಡುತ್ತದೆ. 1840ರ ದಶಕದಲ್ಲಿ ಕರ್ಕಿಯ ಮೇಳ ಸಾಂಗ್ಲಿಯವರೆಗೂ ಹೋಗಿತ್ತು, ಆ ಆಟದ ಪ್ರಭಾವದಿಂದಲೇ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು ಎಂದು ರಂಗಭೂಮಿಯ ಚರಿತ್ರೆ ಬಲ್ಲವರು ಹೇಳುತ್ತಾರೆ. ಕರೆಸಿದವರು ಕೊಡಬೇಕು, ಆಡಿದವರು ಪಡೆಯಬೇಕು ಎಂಬುದನ್ನು ಇಂಥ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅವಕಾಶವೊಂದು ಮೊಬೈಲಿನೊಳಗೆ ಬಂದು ಕೂತ ಕೂಡಲೇ ನಮ್ಮವರಿಗೂ ಈ ಲೆಕ್ಕ ತಪ್ಪುತ್ತಿದೆ.

ಅಣ್ಣನ ಮಗಳು ಹಿಂದೂಸ್ತಾನಿ ಕಲಿಯುತ್ತಾಳೆ. ತಾನೇ ಬರೆದು ರಾಗ ಹಾಕಿದ ಹಾಡೊಂದನ್ನು ಇನ್‌ಸ್ಟಾಗ್ರಾಂಗೆ ಹಾಕಿದ್ದಳು. ವಾರ ಕಳೆಯುವುದರೊಳಗೆ ವಾಟ್ಸ್‌ಆ್ಯಪ್‌ಗೆ ಪತ್ರ ಬಂತು: ‘ನಿಮ್ಮ ಧ್ವನಿಯನ್ನು ನಮ್ಮ ತೀರ್ಪುಗಾರರು ಆಯ್ಕೆ ಮಾಡಿದ್ದಾರೆ. ಆಲ್ಬಂ ಬಿಡುಗಡೆ, ಎಲ್ಲ ಆ್ಯಪ್‌ಗಳಲ್ಲಿ ಪ್ರಸಾರ, ಒಂದು ಲಕ್ಷ ವೀಕ್ಷಣೆ ಗ್ಯಾರಂಟಿ. ನೋಂದಣಿ ಶುಲ್ಕ ಜಿಎಸ್‌ಟಿ ಸೇರಿ 24,500 ರೂಪಾಯಿ. ಇಂದು ರಾತ್ರಿಯೇ ಕೊನೆ.’

“ಅಪ್ಪಚ್ಚಿ, ಇದು ಖರೆಯಾ? ದುಡ್ಡು ಕಳಿಸಲಕ್ಕಾ?” ಎಂದು ಕೇಳಿದಳು. ಅವಳ ಮುಖದಲ್ಲಿದ್ದ ಖುಷಿ ನೋಡಿ ಕೂಡಲೇ ‘ಬೇಡ’ ಎನ್ನಲು ನನಗೆ ಮನಸ್ಸಾಗಲಿಲ್ಲ. ಅವರ ಜಿಎಸ್‌ಟಿ ಸಂಖ್ಯೆ ಕೇಳು ಎಂದೆ. ಆ ಸಂಖ್ಯೆಗೆ 15 ಅಕ್ಷರಗಳಿರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿದರೆ ಯಾರ ಹೆಸರಿನ ವ್ಯವಹಾರ, ನೋಂದಣಿ ಜೀವಂತವಾಗಿದೆಯೇ ಎಂಬುದು ಪುಕ್ಕಟೆಯಾಗಿ ಸಿಗುತ್ತದೆ. ಅವರು ಕಳಿಸಿದ ಬಿಲ್ಲಿನಲ್ಲಿ ಇದ್ದದ್ದು 13 ಅಕ್ಷರ. ಯುಪಿಐನಲ್ಲಿ ತೋರಿದ ಹೆಸರು ಕಂಪನಿಯದಲ್ಲ, ಯಾರೋ ಒಬ್ಬ ವ್ಯಕ್ತಿಯದು. ಅಲ್ಲಿಗೆ ದುಡ್ಡಿನ ಮಾತು ಮುಗಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಜೊತೆಗೆ ಬಂದಿದ್ದ ಕರಾರುಪತ್ರ. ಹಾಡಿನ ‘ಸಕಲ ಹಕ್ಕುಗಳು ಶಾಶ್ವತವಾಗಿ, ಜಗತ್ತಿನಾದ್ಯಂತ’ ಸಂಸ್ಥೆಗೆ ಸೇರುತ್ತವೆ ಎಂದು ಮೂರನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. 24,500 ಹೋದರೆ ಒಂದು ವರ್ಷದಲ್ಲಿ ಉಳಿಸಿ ತುಂಬಿಕೊಳ್ಳಬಹುದು. ಸ್ವಂತ ಹಾಡು ಹೋದರೆ ಏನು ಮಾಡುವುದು? ಇಲ್ಲಿ ಕಾನೂನು ನಮ್ಮ ಪರವಾಗಿಯೇ ಇದೆ, ನಾವು ಓದಿಕೊಂಡಿಲ್ಲ ಅಷ್ಟೆ. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೇ ಆಗಬೇಕು. ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಧ್ವನಿಮುದ್ರಣಕ್ಕೆ ಸೇರಿದ ಹಾಡಿನ ಸಾಹಿತಿ ಮತ್ತು ಸಂಗೀತ ಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮಪಾಲು ಕೊಟ್ಟಿತು. ಆ ಪಾಲನ್ನು ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿಯ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಅಂಥ ಸಂಘ ಐಪಿಆರ್‌ಎಸ್, 1969ರಲ್ಲಿ ಶುರುವಾದದ್ದು. ‘ನಿಮ್ಮ ಹಾಡಿಗೆ ಕಾಪಿರೈಟ್ ಮಾಡಿಸಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವವರೂ ಇದ್ದಾರೆ. ಸಂಗೀತ ಕೃತಿಯ ನೋಂದಣಿಗೆ ಸರ್ಕಾರಿ ಶುಲ್ಕ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000. ನೋಂದಣಿ ಕಡ್ಡಾಯವೂ ಅಲ್ಲ. ಹಾಡು ಹುಟ್ಟಿದ ಕ್ಷಣದಿಂದಲೇ ಹಕ್ಕು ಹುಟ್ಟಿರುತ್ತದೆ.

ಹಾಗೆಂದು ಹವ್ಯಾಸಿಗಳು ಕೈಯಿಂದ ದುಡ್ಡು ಹಾಕಲೇಬಾರದು ಎನ್ನುವುದೂ ತಪ್ಪು. ಊರಿನ ಹವ್ಯಾಸಿ ತಂಡಗಳು ಆಟಕ್ಕೆ ವೇಷಭೂಷಣವನ್ನು ಬಾಡಿಗೆಗೆ ತರುತ್ತವೆ. ಸ್ಟುಡಿಯೋದವರಿಗೆ ಗಂಟೆಯ ಲೆಕ್ಕ, ತಬಲಾದವರಿಗೆ ಸಂಭಾವನೆ, ಹಾಡನ್ನು ಆ್ಯಪ್‌ಗಳಿಗೆ ಏರಿಸುವ ವಿತರಕರಿಗೆ ವಾರ್ಷಿಕ ಶುಲ್ಕ ಅಥವಾ ಗಳಿಕೆಯಲ್ಲಿ ಪಾಲು. ಇವೆಲ್ಲ ಮಾಡಿದ ಕೆಲಸಕ್ಕೆ ಕೊಡುವ ದುಡ್ಡು. ಮೊದಲೇ ದರ ಗೊತ್ತಿರುತ್ತದೆ, ನಾಲ್ಕು ಕಡೆ ವಿಚಾರಿಸಬಹುದು, ಬಿಲ್ಲು ಸಿಗುತ್ತದೆ. ‘ಆಯ್ಕೆಯಾಗಿದ್ದೀರಿ, ಆದ್ದರಿಂದ ಕಟ್ಟಿ’ ಎಂದಾಗ ಮಾತ್ರ ಎದ್ದು ಬರಬೇಕು. ಆಕಾಶವಾಣಿ ಧ್ವನಿಪರೀಕ್ಷೆ ಮಾಡಿ ಬಿ, ಬಿ ಹೈ, ಎ ಎಂದು ಶ್ರೇಣಿ ಕೊಟ್ಟ ಮೇಲೆ ಕಲಾವಿದನಿಗೆ ಸಂಭಾವನೆ ಕೊಡುತ್ತದೆ. ಆರಿಸಿಕೊಂಡವರು ಕೊಡುವುದು ಎಂದರೆ ಅದು.

ವೀಕ್ಷಣೆ ಗ್ಯಾರಂಟಿ ಎಂಬುದಂತೂ ಕೊಂಡವರನ್ನೇ ಸುಡುತ್ತದೆ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಲೆಕ್ಕ ಹಾಕುವುದಿಲ್ಲ. ಈ ಗಡಿ ದಾಟುವ ಆತುರದಲ್ಲಿ ಎಳೆಯರು ‘ಸ್ಟ್ರೀಮ್’ ಕೊಳ್ಳುತ್ತಾರೆ. ಕೇಳುವುದು ಮನುಷ್ಯರಲ್ಲ, ಯಂತ್ರ. ಸಿಕ್ಕಿಬಿದ್ದರೆ ವಿತರಕರಿಗೆ ದಂಡ, ಹಾಡು ಆ್ಯಪ್‌ನಿಂದಲೇ ಹೊರಗೆ. ಆ್ಯಪ್‌ನ ಪ್ಲೇಲಿಸ್ಟ್‌ಗೆ ಹಾಡನ್ನು ಪರಿಗಣಿಸಿ ಎಂದು ಕಲಾವಿದರೇ ತಮ್ಮ ಖಾತೆಯಿಂದ ಉಚಿತವಾಗಿ ಕೇಳಿಕೊಳ್ಳಬಹುದು.

ಹಿರಿಯ ಹಾಡುಗಾರರಿಗೆ ಬೀಸುವ ಬಲೆ ಬೇರೆ: ದುಡ್ಡು ಕಟ್ಟಿದರೆ ಪ್ರಶಸ್ತಿ, ಗೌರವ ಡಾಕ್ಟರೇಟ್. 2020ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ನಕಲಿ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಸಮಾರಂಭದ ಮೇಲೆಯೇ ಪೊಲೀಸರು ದಾಳಿ ಮಾಡಿದರು. ಬದುಕಿಡೀ ಭಜನೆ ಹಾಡಿದ ಹಿರಿಯರೊಬ್ಬರು ಪಿಂಚಣಿಯ ಹಣದಲ್ಲಿ ಶಾಲು ಕೊಳ್ಳುವಂತಾಗುವುದು ನನಗೆ ತೀರಾ ಸಂಕಟದ ವಿಷಯ. ಗೌರವಿಸಬೇಕೆನ್ನುವವರು ಬಸ್ ಚಾರ್ಜು ಕೊಟ್ಟು ಕರೆಸಲಿ.

ಇನ್ನು ಆರ್ಕೆಸ್ಟ್ರಾ, ಚಂಡೆ ತಂಡದವರಿಗೆ ಒಂದು ಮಾತು. ‘ಮದುವೆ ಕಾರ್ಯಕ್ರಮಕ್ಕೆ ಬುಕ್ ಮಾಡಿದ್ದೇವೆ, ಮುಂಗಡಕ್ಕೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ಫೋನ್ ಇಡಿ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಡ. ‘ನಿಮ್ಮ ರಾಯಲ್ಟಿ ಬಂದಿದೆ, ಬಿಡುಗಡೆಗೆ ತೆರಿಗೆ ಕಟ್ಟಿ’ ಎನ್ನುವುದೂ ಇದೇ ಜಾತಿ. ನಿಜವಾದ ಟಿಡಿಎಸ್ ಕೊಡುವ ಮೊತ್ತದಲ್ಲೇ ಕಡಿತವಾಗುತ್ತದೆ.

ಈಗಾಗಲೇ ಹಣ ಕಳಿಸಿಬಿಟ್ಟಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ, ಪಾವತಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ಹೋದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ಮರುದಿನದವರೆಗೆ ಕಾಯಬೇಡಿ.