ತಲೆ ಸುತ್ತಿದಾಗ ನೆಲ ಹಿಡಿ

ಪ್ರೀತಿಯ ಪುಟ್ಟಿ,

ಕಾಲೇಜಿನ ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆಗಟ್ಟಿ ಬಿದ್ದೆಯಂತೆ. ಈಗ ಸಾಲಿನಲ್ಲಿ ನಿಲ್ಲಬೇಕೆಂದರೇ ಎದೆ ಡವಡವ ಎಂದು ತಲೆ ತಿರುಗುತ್ತದೆ, ತುಟಿ, ಬೆರಳು ಜುಮ್ಮೆನ್ನುತ್ತವೆ ಎಂದು ನಿನ್ನಮ್ಮ ಹೇಳಿದಳು. ನನಗೆ ತೋರುವಂತೆ ಇವು ಬೇರೆ ಬೇರೆ ತಲೆಸುತ್ತು.

ಅವತ್ತಿನದು ರಕ್ತದೊತ್ತಡದ್ದು. ನಾವು ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಕತ್ತಿನ ರಕ್ತನಾಳದ ಗೋಡೆಯಲ್ಲಿರುವ ನರತುದಿಗಳು ಒತ್ತಡ ಇಳಿದದ್ದನ್ನು ಆ ಕ್ಷಣವೇ ಮಿದುಳಿಗೆ ತಿಳಿಸುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನಮಗೆ ಇದಾವುದೂ ಗೊತ್ತೇ ಆಗುವುದಿಲ್ಲ. ಆದರೆ ತಿಂಡಿ ಬಿಟ್ಟು, ನೀರು ಕುಡಿಯದೆ, ಬಿಸಿಲಲ್ಲಿ ಅಲುಗಾಡದೆ ನಿಂತರೆ ಈ ಏರ್ಪಾಡು ಕೈಕೊಡಬಹುದು: ಏರಬೇಕಾದ ಬಡಿತ ಇಳಿಯುತ್ತದೆ, ಬಿಗಿಯಬೇಕಾದ ನಾಳಗಳು ಸಡಿಲವಾಗುತ್ತವೆ. ಮಿದುಳಿಗೆ ಕೆಲವೇ ಸೆಕೆಂಡು ರಕ್ತ ಸಾಲದಾದರೂ ಎಚ್ಚರ ತಪ್ಪುತ್ತದೆ. ಅಡ್ಡ ಬಿದ್ದ ಮೇಲೆ ರಕ್ತ ತಲೆಗೆ ಸಲೀಸಾಗಿ ಹರಿದು ಎಚ್ಚರ ಮರಳುತ್ತದೆ. ಅಂಥವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮಲಗಿಸಿ ಕಾಲು ಎತ್ತಿ ಹಿಡಿಯಬೇಕು.

ಈಗ ಬರುತ್ತಿರುವುದು ಉಸಿರಿನದ್ದು. ಹೆದರಿಕೆಯಲ್ಲಿ ನಿನಗೇ ಅರಿವಿಲ್ಲದಂತೆ ಉಸಿರು ಜೋರಾಗಿ, ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗುತ್ತದೆ. ಅದು ರಕ್ತದಲ್ಲಿ ತಗ್ಗಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಆಮ್ಲಜನಕ ಬೇಕಾದಷ್ಟಿದ್ದರೂ ತಲೆ ತಿರುಗುತ್ತದೆ, ಉಸಿರು ಸಾಲದು ಅನ್ನಿಸುತ್ತದೆ, ಮತ್ತಷ್ಟು ಎಳೆದುಕೊಳ್ಳುತ್ತೀಯ. “ಜೋರಾಗಿ ಉಸಿರು ತಗೋ” ಎನ್ನುವವರ ಮಾತು ಕೇಳಬೇಡ. ಮೂಗಿನಿಂದ ಮೆಲ್ಲಗೆ ಎಳೆದು ಅದಕ್ಕಿಂತ ನಿಧಾನವಾಗಿ ಬಿಡು. ಮುಖಕ್ಕೆ ಪೇಪರ್ ಚೀಲ ಹಿಡಿಯುವುದು ಬೇಡ, ಅದು ಅಪಾಯ.

ಕಣ್ಣು ಮಬ್ಬಾಗಿ ತಣ್ಣನೆ ಬೆವರೊಡೆದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಹಿಡಿ. ತೊಡೆಯ ಸ್ನಾಯು ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಅದಕ್ಕೂ ಬಗ್ಗದಿದ್ದರೆ ಅಲ್ಲೇ ನೆಲದ ಮೇಲೆ ಮಲಗಿಬಿಡು. ನಾಲ್ಕು ಜನ ನೋಡುತ್ತಾರೆ ಎಂದು ತಡೆದು ನಿಂತು, ದಬಕ್ಕನೆ ಬಿದ್ದು ಗಲ್ಲ ಒಡೆದುಕೊಂಡ ಹುಡುಗಿಯರನ್ನು ನಾನು ನೋಡಿದ್ದೇನೆ. ಯೂನಿಫಾರ್ಮಿಗೆ ಮಣ್ಣಾದರೆ ಒಗೆದರಾಯಿತು.

ಇಷ್ಟೆಲ್ಲ ಬರೆದರೂ ಡಾಕ್ಟರ ಹತ್ತಿರ ಹೋಗಲೇಬೇಕು. ಬಿಪಿಯನ್ನು ಮಲಗಿದಾಗೊಮ್ಮೆ, ಎದ್ದು ನಿಂತ 3 ನಿಮಿಷದೊಳಗೊಮ್ಮೆ ನೋಡಲು ಕೇಳು. ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಗಮನಿಸಬೇಕಾದ ಸಂಗತಿ. ಹಿಮೋಗ್ಲೋಬಿನ್, ಇಸಿಜಿ ಎರಡನ್ನೂ ಮಾಡಿಸು. ಓಡುವಾಗ ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬೇಡ.

ಎರಡು ಸಲದ ಬಿಪಿಯನ್ನೂ ಬರೆದಿಟ್ಟುಕೊಂಡು ನನಗೆ ಫೋನ್ ಮಾಡು.

ನಿನ್ನ
ದೊಡ್ಡಮ್ಮ