ವೇಕೋ ದುರಂತವೂ ಲೋಕಾಭಿಪ್ರಾಯವೂ

ಕಳೆದ ವರ್ಷ ನಮ್ಮ ಚರ್ಚಾಕೂಟದಲ್ಲಿ "ಕಾನೂನಿಗೆ ಮಣಿಯದ ಮತಪಂಥವನ್ನು ಸರ್ಕಾರವು ಬಲದಿಂದ ಅಡಗಿಸುವುದು ಯುಕ್ತವೆ?" ಎಂಬ ವಿಷಯವನ್ನಿಟ್ಟುಕೊಳ್ಳಲಾಗಿದ್ದಿತು. ಯುಕ್ತವೆಂದು ವಾದಿಸಿದ ಮಿತ್ರರೊಬ್ಬರು ಅಮೆರಿಕದ ವೇಕೋ ಪ್ರಸಂಗವನ್ನು ನಿದರ್ಶನವಾಗಿ ಎತ್ತಿಕೊಂಡರು. ತಾನು ದೇವರಿಂದ ಆಯ್ಕೆಯಾದವನೆಂದು ಹೇಳಿಕೊಂಡವನೊಬ್ಬನು ಬಂದೂಕುಗಳನ್ನು ಕೂಡಿಟ್ಟುಕೊಂಡು, ಸರ್ಕಾರದ ಅಧಿಕಾರಿಗಳೊಡನೆ ಕಾದಾಡಿ, ಕಡೆಗೆ ತನ್ನವರೊಡನೆ ಬೆಂಕಿಯಲ್ಲಿ ನಾಶವಾದನೆಂದು ವರ್ಣಿಸಿ, "ಮಾಡಿದ್ದುಣ್ಣೋ ಮಹಾರಾಯ" ಎಂದು ಮುಗಿಸಿದರು. ಸಭೆಯು ಚಪ್ಪಾಳೆ ತಟ್ಟಿತು. ಮತಕ್ಕೆ ಹಾಕಿದಾಗ ಅವರ ಪರವಾಗಿ ಎದ್ದ ಕೈಗಳಲ್ಲಿ ನನ್ನದೂ ಒಂದು. ಅಧ್ಯಕ್ಷತೆ ವಹಿಸಿದ್ದ ಅಧ್ಯಾಪಕರು ಕಡೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು: "ಆ ಮನೆಯೊಳಗೆ ಮಕ್ಕಳು ಎಷ್ಟು ಮಂದಿ ಇದ್ದರು?" ಕೈಯೆತ್ತಿದವರಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ.

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ವಿಷಯವನ್ನು ಓದುತ್ತ ಹೋದಂತೆ, ಆ ದುರಂತಕ್ಕಿಂತಲೂ ಅದನ್ನು ಕಂಡ ಜನರ ಅಭಿಪ್ರಾಯವು ಆರೇಳು ವರ್ಷಗಳಲ್ಲಿ ಹೇಗೆ ತಿರುವುಮುರುವಾಯಿತೆಂಬುದು ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು. ಮೊದಲು ನಡೆದುದನ್ನು ಸಂಗ್ರಹವಾಗಿ ಹೇಳುತ್ತೇನೆ.

ವೇಕೋ ಎಂಬುದು ಟೆಕ್ಸಾಸ್ ಸಂಸ್ಥಾನದ ಒಂದು ನಗರ. ಅದರ ಹೊರವಲಯದ ಮೌಂಟ್ ಕಾರ್ಮೆಲ್ ಎಂಬ ಸ್ಥಳದಲ್ಲಿ ಬ್ರಾಂಚ್ ಡೇವಿಡಿಯನ್ ಎಂಬ ಪಂಥದವರು ಒಟ್ಟಾಗಿ ವಾಸಿಸುತ್ತಿದ್ದರು. ಇದು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಂಪ್ರದಾಯದಿಂದ ಕವಲೊಡೆದ ಪಂಥ. 1930ರ ದಶಕದಿಂದಲೇ ಇದರ ಮೂಲದವರು ವೇಕೋ ಪ್ರಾಂತದಲ್ಲಿ ನೆಲಸಿದ್ದರು. ಲೋಕದ ಅಂತ್ಯವು ಸಮೀಪಿಸಿದೆ, ಬೈಬಲ್ಲಿನ ಕಡೆಯ ಗ್ರಂಥದಲ್ಲಿ ಹೇಳಿರುವ ಏಳು ಮುದ್ರೆಗಳು ಬಿಚ್ಚಿಕೊಳ್ಳಲಿವೆ ಎಂಬುದು ಅವರ ನಂಬಿಕೆ. 1959ರಲ್ಲಿ ಹುಟ್ಟಿದ ವರ್ನನ್ ಹೊವೆಲ್ ಎಂಬಾತನು 1980ರ ದಶಕದಲ್ಲಿ ಈ ಪಂಥವನ್ನು ಸೇರಿ, ಅದರ ನಾಯಕನಾಗಿ, ಡೇವಿಡ್ ಕೊರೆಷ್ ಎಂದು ಹೆಸರು ಬದಲಿಸಿಕೊಂಡನು. ಈತನು ಸತ್ಪುರುಷನಾಗಿದ್ದನೆಂದು ನಾನು ಹೇಳುವುದಿಲ್ಲ. ಪಂಥದ ಹಲವು ಸ್ತ್ರೀಯರನ್ನು, ಅವರಲ್ಲಿ ಅಪ್ರಾಪ್ತ ವಯಸ್ಸಿನ ಹುಡುಗಿಯರನ್ನೂ, ತನ್ನ ಪತ್ನಿಯರೆಂದು ಇರಿಸಿಕೊಂಡಿದ್ದನು. ಬಂದೂಕುಗಳನ್ನು ಹೇರಳವಾಗಿ ಕೊಂಡು ಕೂಡಿಸಿದ್ದನು.

ಅವುಗಳಲ್ಲಿ ಕೆಲವನ್ನು ಕಾನೂನಿಗೆ ವಿರೋಧವಾಗಿ ಯಂತ್ರಬಂದೂಕುಗಳನ್ನಾಗಿ ಮಾರ್ಪಡಿಸಲಾಗುತ್ತಿದೆಯೆಂಬ ಶಂಕೆಯ ಮೇಲೆ ಕೇಂದ್ರ ಸರ್ಕಾರದ ಎ.ಟಿ.ಎಫ್. ಎಂಬ ಇಲಾಖೆಯ ಅಧಿಕಾರಿಗಳು 1993ನೆಯ ಫೆಬ್ರವರಿ 28ರ ಭಾನುವಾರ ವಾರಂಟು ಹಿಡಿದು ಸಶಸ್ತ್ರರಾಗಿ ಅಲ್ಲಿಗೆ ನುಗ್ಗಿದರು. ಅವರು ಬರುವ ಸುದ್ದಿ ಒಳಗಿನವರಿಗೆ ಮೊದಲೇ ತಿಳಿದುಹೋಗಿತ್ತು. ಇದನ್ನು ಅರಿತ ಮೇಲೂ ದಾಳಿಯನ್ನು ನಿಲ್ಲಿಸಲಿಲ್ಲ. ಮೊದಲ ಗುಂಡು ಯಾರದೆಂಬುದರ ಬಗ್ಗೆ ಇಂದಿಗೂ ವಿವಾದವಿದೆ. ಅಂದು ನಾಲ್ವರು ಅಧಿಕಾರಿಗಳೂ ಪಂಥದ ಆರು ಮಂದಿಯೂ ಸತ್ತರು.

ಅನಂತರ ಎಫ್.ಬಿ.ಐ.ನವರು 51 ದಿನಗಳ ಕಾಲ ಮುತ್ತಿಗೆ ಹಾಕಿದರು. ಮಾತುಕತೆಯೂ ನಡೆಯಿತು, ಕಿರುಕುಳವೂ ನಡೆಯಿತು. ಒಂದು ಕಡೆ ಸಂಧಾನಕಾರರು ದೂರವಾಣಿಯಲ್ಲಿ ಸಮಾಧಾನದ ಮಾತನಾಡುತ್ತಿದ್ದರೆ, ಮತ್ತೊಂದು ಕಡೆ ವಿದ್ಯುತ್ತನ್ನು ಕಡಿದು, ರಾತ್ರಿಯೆಲ್ಲ ಕಣ್ಣು ಕುಕ್ಕುವ ದೀಪಗಳನ್ನು ಬೆಳಗಿಸಿ, ಧ್ವನಿವರ್ಧಕಗಳಲ್ಲಿ ಕರ್ಕಶ ಶಬ್ದಗಳನ್ನು ಹಾಕುತ್ತಿದ್ದರು. ಈ ಅವಧಿಯಲ್ಲಿ 35 ಮಂದಿ ಹೊರಬಂದರು. ಅವರಲ್ಲಿ 21 ಮಂದಿ ಮಕ್ಕಳು. ಏಪ್ರಿಲ್ 19ರ ಬೆಳಗ್ಗೆ ಸೇನೆಯ ಟ್ಯಾಂಕುಗಳನ್ನು ಹೋಲುವ ವಾಹನಗಳಿಂದ ಗೋಡೆಗಳನ್ನು ಭೇದಿಸಿ ಒಳಕ್ಕೆ ಅಶ್ರುವಾಯುವನ್ನು ಬಿಡಲಾಯಿತು. ಮಧ್ಯಾಹ್ನ 12 ಗಂಟೆ ದಾಟುತ್ತಲೇ ಬೆಂಕಿ ಕಾಣಿಸಿಕೊಂಡಿತು. ಬಲವಾದ ಗಾಳಿಗೆ ಆ ಮರದ ಕಟ್ಟಡವು ಅಲ್ಪ ಕಾಲದಲ್ಲಿಯೇ ಉರಿದುಹೋಯಿತು. ಪಾರಾದವರು 9 ಮಂದಿ. ಸತ್ತವರು ಕೊರೆಷ್ ಸೇರಿ 76 ಮಂದಿ. ನಮ್ಮ ಅಧ್ಯಾಪಕರ ಪ್ರಶ್ನೆಗೆ ಉತ್ತರ ಇಲ್ಲಿದೆ: ಸತ್ತವರಲ್ಲಿ 20ಕ್ಕೂ ಹೆಚ್ಚು ಮಂದಿ ಮಕ್ಕಳು.

ಇದನ್ನು ಕಂಡು ಜನರು ಏನೆಂದರು? ಆ ದಿನಗಳಲ್ಲಿಯೇ ನಡೆದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ನೂರಕ್ಕೆ 70ಕ್ಕೂ ಮೇಲ್ಪಟ್ಟು ಜನರು ಸರ್ಕಾರದ ಕ್ರಮವನ್ನು ಸಮರ್ಥಿಸಿದರು. ದೋಷವೆಲ್ಲ ಕೊರೆಷನದೆಂಬುದೇ ಬಹುಮಂದಿಯ ತೀರ್ಮಾನವಾಗಿತ್ತು. ಅಶ್ರುವಾಯು ಪ್ರಯೋಗಕ್ಕೆ ಅನುಮತಿ ನೀಡಿದ್ದ ಅಟಾರ್ನಿ ಜನರಲ್ ಜ್ಯಾನೆಟ್ ರೀನೋ ಅವರು ನಿರ್ಣಯ ತಮ್ಮದು, ಹೊಣೆಯೂ ತಮ್ಮದು ಎಂದು ನೇರವಾಗಿ ಹೇಳಿದುದರಿಂದ ಅವರ ಮೇಲೆ ಜನರ ಗೌರವವು ಕುಗ್ಗುವುದಕ್ಕೆ ಬದಲಾಗಿ ಹೆಚ್ಚಿತು. ಮುತ್ತಿಗೆಯ ದಿನಗಳಲ್ಲಿ ರಸ್ತೆಯ ಬದಿಯಲ್ಲಿ ಆ ಕುರಿತು ಅಂಗಿಗಳನ್ನು ಅಚ್ಚು ಹಾಕಿಸಿ ಮಾರುವವರೂ ಇದ್ದರು; ನಗೆಚಾಟಿಕೆಗಳೂ ಹುಟ್ಟಿಕೊಂಡಿದ್ದವು.

ಇಷ್ಟು ಜನ ಇಷ್ಟು ಬೇಗ ಒಂದೇ ತೀರ್ಪಿಗೆ ಬರಲು ನನಗೆ ಎರಡು ಕಾರಣಗಳು ತೋರುತ್ತವೆ. ಮೊದಲನೆಯದು, ಒಂದು ಪದ. ಪತ್ರಿಕೆಗಳೂ ಅಧಿಕಾರಿಗಳೂ ಆ ಜನರನ್ನು 'ಕಲ್ಟ್' ಎಂದು ಕರೆದರು. ನಮ್ಮಲ್ಲಿ 'ಪಂಥ' ಎಂದರೆ ಅದರಲ್ಲಿ ನಿಂದೆಯಿಲ್ಲ. ದಾಸರದೂ ಪಂಥ, ನಾಥರದೂ ಪಂಥ. ಆದರೆ ಇಂಗ್ಲಿಷಿನ ಆ ಪದಕ್ಕೆ ಈಗ ಬುದ್ಧಿಗೆಟ್ಟವರ ಕೂಟವೆಂಬ ಅರ್ಥವು ಅಂಟಿಕೊಂಡಿದೆ. ಆ ಹೆಸರನ್ನಿಟ್ಟ ಕೂಡಲೆ ಒಳಗಿದ್ದ ಅಜ್ಜಿ, ತಾಯಿ, ಕೂಸು ಎಲ್ಲರೂ ಮರೆಯಾಗಿ ಕೊರೆಷನೊಬ್ಬನೇ ಉಳಿದನು. ಎರಡನೆಯದು, ಸುದ್ದಿಯ ದಾರಿ. ಪತ್ರಕರ್ತರನ್ನು ಆ ಸ್ಥಳದಿಂದ ಮೈಲಿಗಳಾಚೆ ತಡೆದಿದ್ದರು. ಒಳಗಿನವರ ದೂರವಾಣಿಯು ಎಫ್.ಬಿ.ಐ.ಗೆ ಮಾತ್ರ ತಲುಪುವಂತೆ ಮಾಡಿದ್ದರು. ಆದುದರಿಂದ ಜನರು ಕೇಳಿದುದೆಲ್ಲ ಬಹುಮಟ್ಟಿಗೆ ಒಂದೇ ಪಕ್ಷದ ಮಾತು.

ಭಿನ್ನವಾಗಿ ನುಡಿದವರು ಇರಲಿಲ್ಲವೆಂದಲ್ಲ. ಶಾಸನಸಭೆಯ ವಿಚಾರಣೆಯಲ್ಲಿ ರೀನೋ ಅವರ ಪಕ್ಷದವರೇ ಆದ ಜಾನ್ ಕಾನಿಯರ್ಸ್ ಅವರು ಈ ಕಾರ್ಯವನ್ನು ಕಟುವಾಗಿ ಖಂಡಿಸಿದರು. ಮತಶಾಸ್ತ್ರದ ವಿದ್ವಾಂಸರಾದ ಫಿಲಿಪ್ ಆರ್ನಾಲ್ಡ್, ಜೇಮ್ಸ್ ಟೇಬರ್ ಎಂಬಿಬ್ಬರು ಮುತ್ತಿಗೆಯ ಕಾಲದಲ್ಲಿಯೇ ಕೊರೆಷನ ನಂಬಿಕೆಯ ಭಾಷೆಯಲ್ಲಿಯೇ ಅವನೊಡನೆ ಮಾತನಾಡಬೇಕೆಂದು ಯತ್ನಿಸಿ, ರೇಡಿಯೋ ಮೂಲಕ ಏಳು ಮುದ್ರೆಗಳ ವಿಚಾರವಾಗಿ ಸಂವಾದ ನಡೆಸಿದರು. ಏಪ್ರಿಲ್ 14ರಂದು ಕೊರೆಷನು, ಆ ಮುದ್ರೆಗಳಿಗೆ ತನ್ನ ವ್ಯಾಖ್ಯಾನವನ್ನು ಬರೆದು ಮುಗಿಸಿದೊಡನೆ ಹೊರಬರುವುದಾಗಿ ಪತ್ರ ಕಳುಹಿಸಿದನು. ಮಾರ್ಚ್ 2ರಂದು ಕೊಟ್ಟ ಮಾತನ್ನು ಅವನು ಮುರಿದಿದ್ದನಾದ್ದರಿಂದ ಅಧಿಕಾರಿಗಳು ಇದನ್ನೂ ನಂಬಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಬೆಂಕಿಯಿಂದ ಪಾರಾದ ಒಬ್ಬಾಕೆಯ ಬಳಿ ದೊರೆತ ಕಂಪ್ಯೂಟರ್ ಡಿಸ್ಕಿನಲ್ಲಿ ಮೊದಲ ಮುದ್ರೆಯ ವ್ಯಾಖ್ಯಾನವು ಬರೆದು ಮುಗಿದಿದ್ದಿತು. ಇನ್ನು ಕೆಲವು ವಾರ ಕಾದಿದ್ದರೆ ಏನಾಗುತ್ತಿತ್ತೆಂದು ಯಾರೂ ಖಂಡಿತವಾಗಿ ಹೇಳಲಾರರು. ಆದರೆ ಕಾಯಬಹುದಾಗಿತ್ತೆಂದು ಮಾತ್ರ ಹೇಳಬಹುದು.

ಇನ್ನು ಅಭಿಪ್ರಾಯವು ತಿರುಗಿದ ಬಗೆ. 1993ರ ಸೆಪ್ಟೆಂಬರಿನಲ್ಲಿ ಸರ್ಕಾರದ ಹಣಕಾಸು ಇಲಾಖೆಯೇ ಪ್ರಕಟಿಸಿದ ವರದಿಯು ದಾಳಿಯ ನಾಯಕರ ತಪ್ಪುಗಳನ್ನೂ ಅನಂತರ ಅವರು ಸುಳ್ಳು ಹೇಳಿದುದನ್ನೂ ಬಯಲಿಗೆಳೆಯಿತು. 1994ರಲ್ಲಿ ಬದುಕುಳಿದ 11 ಮಂದಿಯ ವಿಚಾರಣೆ ನಡೆದಾಗ, ಅಧಿಕಾರಿಗಳ ಕೊಲೆಗೆ ಒಳಸಂಚು ಮಾಡಿದರೆಂಬ ಆರೋಪದಿಂದ ಜ್ಯೂರಿಯು ಅವರೆಲ್ಲರನ್ನೂ ಬಿಡುಗಡೆ ಮಾಡಿ, ಕೆಲವರನ್ನು ಅದಕ್ಕಿಂತ ಕಡಮೆಯ ಅಪರಾಧಗಳಿಗಾಗಿ ಮಾತ್ರ ದೋಷಿಗಳೆಂದಿತು. 1995ರಲ್ಲಿ ಶಾಸನಸಭೆಯು ಮತ್ತೆ ವಿಚಾರಣೆ ನಡೆಸಿತು. 1997ರಲ್ಲಿ ಸರ್ಕಾರವನ್ನು ಆಕ್ಷೇಪಿಸುವ ಸಾಕ್ಷ್ಯಚಿತ್ರವೊಂದು ಹೊರಬಂದು ಆಸ್ಕರ್ ಪ್ರಶಸ್ತಿಗೆ ನಾಮಕರಣವನ್ನೂ ಪಡೆಯಿತು. 1999ರಲ್ಲಿ ಕಡೆಯ ಪೆಟ್ಟು ಬಿದ್ದಿತು. ಬೆಂಕಿ ಹತ್ತಿಸಬಲ್ಲ ಯಾವ ಸಾಧನವನ್ನೂ ಬಳಸಲಿಲ್ಲವೆಂದು ಆರು ವರ್ಷ ಹೇಳುತ್ತ ಬಂದಿದ್ದ ಎಫ್.ಬಿ.ಐ., ಅಂದು ಬೆಳಗ್ಗೆ ಅಂಥ ಕೆಲವು ಅಶ್ರುವಾಯು ಗುಂಡುಗಳನ್ನು ಹಾರಿಸಿದ್ದುದು ನಿಜವೆಂದು ಒಪ್ಪಿಕೊಂಡಿತು. ಅದೇ ಆಗಸ್ಟ್ ತಿಂಗಳಲ್ಲಿ 'ಟೈಮ್' ಪತ್ರಿಕೆಯು ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 61 ಮಂದಿ, ಮನೆಗೆ ಬೆಂಕಿಯಿಟ್ಟವರು ಸರ್ಕಾರದವರೇ ಎಂದು ನಂಬಿದ್ದರು!

ವಾಚಕರು ಇಲ್ಲಿ ತುಸು ನಿಲ್ಲಬೇಕೆಂದು ಕೋರುತ್ತೇನೆ. ಹೊಗಳಿದುದೂ ಶಪಿಸಿದುದೂ ಒಂದೇ ದೇಶದ ಜನ. ಇವೆರಡರಲ್ಲಿ ಸತ್ಯ ಯಾವುದು? ಮಾಜಿ ಸೆನೆಟರೂ ದೀಕ್ಷೆ ಪಡೆದ ಪಾದ್ರಿಯೂ, ಅಧಿಕಾರದಲ್ಲಿದ್ದ ಪಕ್ಷಕ್ಕೆ ಸೇರದವರೂ ಆದ ಜಾನ್ ಡ್ಯಾನ್‌ಫರ್ತ್ ಅವರನ್ನು ವಿಶೇಷ ವಿಚಾರಣೆಗಾಗಿ ರೀನೋ ಅವರೇ ನೇಮಿಸಿದರು. 2000ದ ನವೆಂಬರಿನಲ್ಲಿ ಅವರು ತಮ್ಮ ಕಡೆಯ ವರದಿಯನ್ನಿತ್ತರು. ಬೆಂಕಿಯನ್ನು ಹಚ್ಚಿದವರು ಒಳಗಿನವರೇ. ಕನಿಷ್ಠ ಮೂರು ಕಡೆಗಳಲ್ಲಿ ಅದು ಹೊತ್ತಿಕೊಂಡಿತು. ಸತ್ತವರಲ್ಲಿ ಕನಿಷ್ಠ 20 ಮಂದಿ, ಕೊರೆಷನೂ ಸೇರಿ, ಒಳಗೇ ಗುಂಡೇಟಿಗೆ ಬಲಿಯಾದವರು. ಅಂದು ಅಧಿಕಾರಿಗಳು ಅವರ ಮೇಲೆ ಗುಂಡು ಹಾರಿಸಲಿಲ್ಲ. ಆ ಅಶ್ರುವಾಯು ಗುಂಡುಗಳನ್ನಾದರೋ ಬೆಂಕಿಗೆ ಸುಮಾರು ನಾಲ್ಕು ಗಂಟೆ ಮೊದಲು, ಕಟ್ಟಡದಿಂದ ದೂರದ ಒಂದು ಕಾಂಕ್ರೀಟು ಗುಂಡಿಯ ಕಡೆಗೆ ಹಾರಿಸಲಾಗಿತ್ತು. ಬೆಂಕಿಗೂ ಅವಕ್ಕೂ ಸಂಬಂಧವಿರಲಿಲ್ಲ.

ಎಂದ ಮೇಲೆ ಮುಚ್ಚಿಟ್ಟ ಸಂಗತಿ ನಿರಪಾಯಕರವಾದುದೇ. ಮೊದಲ ದಿನವೇ ಹೇಳಿದ್ದರೆ ಒಂದು ವಾರದಲ್ಲಿ ಜನ ಮರೆಯುತ್ತಿದ್ದರು. ಮುಚ್ಚಿಟ್ಟುದರಿಂದಲೇ ಅದು ಬೆಳೆಯಿತು. "ಒಂದು ಸುಳ್ಳಾಡಿದವನು ಉಳಿದುದೆಲ್ಲವನ್ನೂ ಏಕೆ ಆಡಿರಬಾರದು?" ಎಂದು ಜನ ಕೇಳಿದರು, ಆ ಕೇಳಿಕೆ ಅನ್ಯಾಯವೆನ್ನುವಂತಿಲ್ಲ. ಡ್ಯಾನ್‌ಫರ್ತ್ ಅವರೂ ಸರ್ಕಾರದ ಮೇಲಣ ದೊಡ್ಡ ಆರೋಪಗಳನ್ನು ತಳ್ಳಿಹಾಕಿದರೂ ಈ ಮರೆಮಾಚುವಿಕೆಯನ್ನು ಮಾತ್ರ ಮನ್ನಿಸಲಿಲ್ಲ.

ಶಂಕೆಯಾದರೂ ಬರಿಯ ಮಾತಿನಲ್ಲಿಯೇ ನಿಲ್ಲಲಿಲ್ಲ. ಮುತ್ತಿಗೆಯ ಕಾಲದಲ್ಲಿ ವೇಕೋ ಬಳಿಗೆ ಹೋಗಿ ಸರ್ಕಾರವಿರೋಧಿ ಚೀಟಿಗಳನ್ನು ಮಾರುತ್ತಿದ್ದವರಲ್ಲಿ ಟಿಮೊಥಿ ಮೆಕ್‌ವೇ ಎಂಬ ಮಾಜಿ ಸೈನಿಕನೊಬ್ಬನಿದ್ದನು. ಅವನು ಬೆಂಕಿಯ ಎರಡನೆಯ ವರ್ಷದ ದಿನವನ್ನೇ ಆರಿಸಿ, 1995ರ ಏಪ್ರಿಲ್ 19ರಂದು, ಒಕ್ಲಹೋಮ ನಗರದ ಸರ್ಕಾರಿ ಕಟ್ಟಡವನ್ನು ಬಾಂಬಿನಿಂದ ಉಡಾಯಿಸಿದನು. ಸತ್ತವರು 168 ಮಂದಿ. ಅವರಲ್ಲಿ 19 ಮಂದಿ ಮಕ್ಕಳು. ವೇಕೋವಿನ ಮಕ್ಕಳ ಹೆಸರಿನಲ್ಲಿ ಸೇಡು ತೀರಿಸಹೊರಟವನು ಬೇರೆಯವರ ಮಕ್ಕಳನ್ನು ಕೊಂದನು.

ಇವೆಲ್ಲವನ್ನೂ ನೋಡಿದ ಮೇಲೆ ನನಗೆ ಹೊಳೆದುದು ಇಷ್ಟು. 1993ರ ಸಮ್ಮತಿಯೂ 1999ರ ಶಂಕೆಯೂ ಒಂದಕ್ಕೊಂದು ವಿರುದ್ಧವೆಂದು ಕಂಡರೂ ಅವೆರಡೂ ಒಂದೇ ತಾಯಿಯ ಮಕ್ಕಳು. ಎರಡರಲ್ಲಿಯೂ ಜನ ವಿಚಾರಿಸಲಿಲ್ಲ. ಯಾರ ಮೇಲೆ ಸಿಟ್ಟಿತ್ತೋ ಅವರ ವಿಷಯದಲ್ಲಿ ಕೇಳಿದುದನ್ನೆಲ್ಲ ನಂಬಿದರು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎನ್ನುತ್ತದೆ ನಮ್ಮ ಗಾದೆ. ಅವರು ಪ್ರತ್ಯಕ್ಷವಾಗಿಯೂ ಕಂಡಿರಲಿಲ್ಲ.

ಹಾಗೆಂದು ಲೋಕಾಭಿಪ್ರಾಯವು ನಿಷ್ಪ್ರಯೋಜಕವೆಂದು ಯಾರೂ ಎಣಿಸಬಾರದು. ವರದಿಗಳು, ವಿಚಾರಣೆಗಳು, ಪ್ರಶ್ನೆ ಕೇಳುವುದನ್ನು ಬಿಡದ ಕೆಲವರು ಇವರೆಲ್ಲರ ಒತ್ತಡದಿಂದ ಎಫ್.ಬಿ.ಐ. ತನ್ನ ಪದ್ಧತಿಯನ್ನು ತಿದ್ದಿಕೊಂಡಿತು. 1996ರಲ್ಲಿ ಮೊಂಟಾನ ಸಂಸ್ಥಾನದಲ್ಲಿ 'ಫ್ರೀಮೆನ್' ಎಂಬ ಸಶಸ್ತ್ರ ಗುಂಪೊಂದು ಸರ್ಕಾರಕ್ಕೆ ಮಣಿಯದೆ ಕುಳಿತಾಗ ಅಧಿಕಾರಿಗಳು ನುಗ್ಗಲಿಲ್ಲ. 81 ದಿನ ಕಾದರು. ಒಂದು ಜೀವವೂ ಹೋಗದೆ ಎಲ್ಲರೂ ಶರಣಾದರು. ಹಾವು ಸತ್ತಿತು, ಕೋಲೂ ಮುರಿಯಲಿಲ್ಲ. ಇದು ಕೇವಲ ಸಮ್ಮತಿಯಿಂದಲೂ ಆಗಲಿಲ್ಲ, ಕೇವಲ ಶಂಕೆಯಿಂದಲೂ ಆಗಲಿಲ್ಲ. ನಡೆದುದನ್ನು ವಿಚಾರಿಸಿದುದರಿಂದ ಆಯಿತು.

ಅಂದು ಚರ್ಚಾಕೂಟದಲ್ಲಿ ನಾನೆತ್ತಿದ ಕೈಯನ್ನು ಈಗ ಇಳಿಸಿಕೊಳ್ಳುತ್ತಿದ್ದೇನೆ. ಆದರೆ ಎದುರು ಪಕ್ಷಕ್ಕೂ ಅದನ್ನು ಒಮ್ಮೆಗೇ ಎತ್ತಲಾರೆ. ಕಾನೂನನ್ನು ಮುರಿದವನನ್ನು ಸರ್ಕಾರವು ಹಿಡಿಯಲೇಬೇಕು. ಅದು ಅದರ ಧರ್ಮ. ಹೇಗೆ ಹಿಡಿಯಿತು, ಒಳಗೆ ಯಾರಿದ್ದರು, ಆದುದನ್ನು ಇದ್ದಂತೆ ಹೇಳಿತೇ ಎಂದು ಕೇಳುವುದು ಪ್ರಜೆಗಳ ಧರ್ಮ. ಇನ್ನು ಮುಂದೆ ಇಂಥ ಸುದ್ದಿ ಎಲ್ಲಿಂದ ಬಂದರೂ, ಕೈಯೆತ್ತುವ ಮೊದಲು ನಮ್ಮ ಅಧ್ಯಾಪಕರ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವೆನೆಂದು ನಿಶ್ಚಯಿಸಿದ್ದೇನೆ: ಆ ಮನೆಯೊಳಗೆ ಮಕ್ಕಳು ಎಷ್ಟು ಮಂದಿ ಇದ್ದರು?